ರಾಧಮ್ಮ ಭಾರ ಇಳಿಸಿದ ಕತೆ

ರಾಧಮ್ಮನವರ ಕಾಲು ಮೊದಲ ಸಲ ಕೈಕೊಟ್ಟದ್ದು ಮಾಲೂರಿನ ಒಂದು ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ. ಬೆಳಗಿನ ತಿಂಡಿ ಮುಗಿದು ಮುಹೂರ್ತದ ಊಟಕ್ಕೆ ಒಲೆಗಳು ಜೋರಾಗಿ ಉರಿಯುತ್ತಿದ್ದವು. ಕುದಿಯುವ ಸಾರಿನ ದೊಡ್ಡ ತಪ್ಪಲೆಯನ್ನು ಒಲೆಯಿಂದೆತ್ತಿ ನೆಲದ ಮೇಲೆ ಇಳಿಸಬೇಕಿತ್ತು. ಒಂದು ಬದಿ ಹಿಡಿದವರು ರಾಧಮ್ಮ, ಇನ್ನೊಂದು ಬದಿ ಅವರ ಮೈದುನ ನಂದಕಿಶೋರ್. ಎಷ್ಟೋ ವರ್ಷದಿಂದ ಅತ್ತಿಗೆ ಮೈದುನ ಇಬ್ಬರೂ ಹೀಗೇ ತಪ್ಪಲೆ ಇಳಿಸಿದವರು. ಒಬ್ಬರ ಮುಖ ಒಬ್ಬರು ನೋಡುವುದೂ ಬೇಕಿರಲಿಲ್ಲ.

ಎತ್ತುವಾಗ ಏನೂ ಆಗಲಿಲ್ಲ. ಒಲೆಯಿಂದ ಸಲೀಸಾಗಿ ಎದ್ದಿತು. ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದು ಇಬ್ಬರೂ ಮಂಡಿ ಬಗ್ಗಿಸಿ ಕೆಳಗೆ ಇಳಿಸಲು ಶುರು ಮಾಡಿದರು. ಅರ್ಧಕ್ಕೆ ಬಂದಾಗ ರಾಧಮ್ಮನವರ ತೊಡೆ ಗಡಗಡ ನಡುಗಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಮಂಡಿ ಕುಸಿದು, ಅವರ ಬದಿಯ ತಪ್ಪಲೆ ಧೊಪ್ಪೆಂದು ನೆಲಕ್ಕೆ ಬಿತ್ತು. ಸಾರು ಎಗರಿ ನಂದಕಿಶೋರನ ಬಲಗಾಲಿನ ಮೇಲೆ ಚೆಲ್ಲಿತು.

ಅವನು ಕೂಗಿದ ಕೂಗಿಗೆ ಹೊರಗೆ ವಾಲಗದವರೂ ಒಂದು ಕ್ಷಣ ನಿಲ್ಲಿಸಿದರಂತೆ. ಯಾರೋ ಬಕೆಟ್ಟಿನಿಂದ ನೀರು ಸುರಿದರು. ಯಾರೋ ಅವನನ್ನು ಎತ್ತಿಕೊಂಡು ಕಾರಿನತ್ತ ಓಡಿದರು. ರಾಧಮ್ಮ ಮಾತ್ರ ನೆಲದ ಮೇಲೆ ಕುಳಿತಲ್ಲೇ ಕುಳಿತಿದ್ದರು. ತಮ್ಮ ತೊಡೆಯನ್ನು ಬೇರೆ ಯಾರದೋ ತೊಡೆಯೆಂಬಂತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಲ್ಲಿ ನೋವಿರಲಿಲ್ಲ, ಗಾಯವಿರಲಿಲ್ಲ.

ಮುಳಬಾಗಿಲಿನಲ್ಲಿ ಆಂಜನೇಯನ ಗುಡಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡ ಲಕ್ಷ್ಮೀನಾರಾಯಣ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು, ಮಾತು ಬಹಳ ಕಡಿಮೆ. ಮಗಳು ಮೃದುಲಾ ಕೋಲಾರದಲ್ಲಿ ಬಿ.ಎಡ್. ಓದುತ್ತಿದ್ದಳು. ರಾಧಮ್ಮನವರ ಅಡುಗೆ ತಂಡವನ್ನು ಮುಳಬಾಗಿಲಿನಿಂದ ಶ್ರೀನಿವಾಸಪುರದ ತನಕ ಎಲ್ಲ ಕಡೆ ಕರೆಯುತ್ತಿದ್ದರು. ಗೌನಿಪಲ್ಲಿ ಕಡೆ ಮಾವಿನ ತೋಟದವರ ಮನೆ ಮದುವೆಯಾದರಂತೂ ಅವರ ಮಾವಿನಕಾಯಿ ಚಿತ್ರಾನ್ನ ಇರಲೇಬೇಕು. ವಯಸ್ಸು ಐವತ್ತು ದಾಟಿತ್ತು. ಗಟ್ಟಿ ಹೆಂಗಸು ಅಂತ ಎಲ್ಲರೂ ಹೇಳುತ್ತಿದ್ದರು, ಅವರೂ ನಂಬಿದ್ದರು.

ನಂದಕಿಶೋರನ ಕಾಲು ಪಾದದಿಂದ ಮೀನಖಂಡದವರೆಗೆ ಬೆಂದಿತ್ತು. ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದವನು ಅತ್ತಿಗೆಯನ್ನು ಕಂಡು, "ಬಿಡಿ ಅತ್ತಿಗೆ, ಕೈ ಜಾರ್ತು. ಯಾರಿಗಾದ್ರೂ ಆಗತ್ತೆ" ಅಂದ.

"ಕೈ ಜಾರಿಲ್ಲ ಕಣೋ. ಕೈ ಗಟ್ಟಿಯಾಗೇ ಇತ್ತು. ಕಾಲು ಬಿಟ್ಟುಬಿಡ್ತು."

"ಅದೆಂಗೆ ಕಾಲು ಬಿಟ್ಬಿಡತ್ತೆ?"

ಅಂದಿನಿಂದ ರಾಧಮ್ಮ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯತೊಡಗಿದರು. ಹತ್ತುವುದಕ್ಕೆ ಭಯವಿಲ್ಲ, ಇಳಿಯುವುದಕ್ಕೆ ಮಾತ್ರ. ತಪ್ಪಲೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ತಂಡದವರು ಎತ್ತಿ ಇಳಿಸುವಾಗ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು.

ಮೃದುಲಾ ಒಂದು ದಿನ ಬಲವಂತ ಮಾಡಿ ಕೋಲಾರದ ಫಿಸಿಯೋಥೆರಪಿಸ್ಟ್ ಮೇಧಾ ಹತ್ತಿರ ಕರೆದುಕೊಂಡು ಹೋದಳು. ಮೇಧಾ ಚಿಕ್ಕ ವಯಸ್ಸಿನವಳು. ಅಡುಗೆ ಕೆಲಸ, ಹಳೆಯ ಮಂಡಿ ನೋವು ಎಲ್ಲ ಕೇಳಿ ತಿಳಿಯುತ್ತಲೇ ಮಂಡಿ ಮುಟ್ಟಿ, ಮಡಚಿ, ಎಳೆದು ನೋಡಿದಳು. ಆಮೇಲೆ ಒಂದು ಕುರ್ಚಿ ತೋರಿಸಿ, "ಕೂತ್ಕೊಂಡು ಎದ್ದೇಳಿ ಆಂಟಿ, ಕೈ ಊರಬೇಡಿ" ಅಂದಳು.

ರಾಧಮ್ಮ ಚಕ್ಕನೆ ಎದ್ದರು.

"ಈಗ ಕೂತ್ಕೊಳ್ಳಿ. ಆದ್ರೆ ಎಷ್ಟು ನಿಧಾನವಾಗಿ ಆಗುತ್ತೋ ಅಷ್ಟು ನಿಧಾನ."

ರಾಧಮ್ಮ ಮಂಡಿ ಬಗ್ಗಿಸಿದರು. ಅರ್ಧ ದಾರಿಯವರೆಗೆ ಸರಿಯಾಗಿತ್ತು. ಆಮೇಲೆ ಧೊಪ್ ಎಂದು ಕುರ್ಚಿಗೆ ಬಿದ್ದರು. ಇನ್ನೊಮ್ಮೆ ಮಾಡಿದರು. ಮತ್ತೆ ಧೊಪ್. ಅದು ಮಾಲೂರಿನಲ್ಲಿ ಕುಸಿದ ಜಾಗವೇ. ಭಾರವೇ ಇಲ್ಲದೆ, ಬರೀ ತಮ್ಮ ಮೈಯನ್ನು ಇಳಿಸಲೂ ಆಗುತ್ತಿಲ್ಲ.

"ತೊಡೆಗೆ ಎರಡು ಕೆಲಸ ಆಂಟಿ," ಎಂದಳು ಮೇಧಾ. "ಒಂದು ಎತ್ತೋದು. ಇನ್ನೊಂದು ತಡೆದು ಇಳಿಸೋದು, ಗಾಡಿಗೆ ಬ್ರೇಕ್ ಇದ್ದಹಾಗೆ. ಮಂಡಿ ನೋವು ಅಂತ ನೀವು ಬಗ್ಗೋದೇ ಬಿಟ್ಟಿದ್ದೀರಿ ಅಲ್ವಾ? ಸ್ಟೂಲ್ ಮೇಲೆ ಕೂತೇ ಕೆಲಸ ಮಾಡ್ತೀರಿ. ಅದಕ್ಕೇ ನಿಮ್ಮ ಬ್ರೇಕ್ ಹೋಗಿದೆ."

"ಹೋಗಿದ್ದು ವಾಪಸ್ ಬರತ್ತಾ?"

"ಬರತ್ತೆ. ಇಳಿಸೋದನ್ನೇ ಅಭ್ಯಾಸ ಮಾಡಬೇಕು. ಎತ್ತೋ ಭಾರಕ್ಕಿಂತ ಜಾಸ್ತಿ ಭಾರಾನ ಇಳಿಸೋ ತಾಕತ್ತು ಎಲ್ಲರಿಗೂ ಇರತ್ತೆ. ನಿಮಗೂ."

ರಾಧಮ್ಮ ಇದನ್ನು ನಂಬಲಿಲ್ಲ. ಎತ್ತಲಾಗದ ಭಾರವನ್ನು ಇಳಿಸುವುದು ಹೇಗೆ? ಆದರೂ ಮನೆಯಲ್ಲಿ ಕುರ್ಚಿಯ ಮೇಲೆ ನಿಧಾನವಾಗಿ ಕೂರುವುದನ್ನು ಶುರು ಮಾಡಿದರು. ಗಂಡ ಪೇಪರ್ ಹಿಂದಿನಿಂದ ಇಣುಕಿ ನೋಡಿ ಸುಮ್ಮನಾಗುತ್ತಿದ್ದರು. ಆಮೇಲೆ ಮೆಟ್ಟಿಲ ಅಂಚಿನಲ್ಲಿ ನಿಂತು ಒಂದೇ ಕಾಲಿನಲ್ಲಿ ಕೆಳಗಿಳಿಯುವುದು. ಅದೂ ಬಂದ ಮೇಲೆ ಮೇಧಾ, "ಇನ್ನು ಮನೇಲಿ ಸಾಲದು, ಜಿಮ್ಮಿಗೆ ಹೋಗಿ" ಅಂದಳು.

ಬಸ್ ಸ್ಟ್ಯಾಂಡಿನ ಹತ್ತಿರ ಕದಿರೇಶ್ ಅನ್ನುವವನ ಜಿಮ್ ಇತ್ತು. ಜೀವನದಲ್ಲಿ ಮೊದಲ ಸಲ ಚೂಡಿದಾರ್ ಹಾಕಿಕೊಂಡು ರಾಧಮ್ಮ ಮನೆಯಿಂದ ಹೊರಬಿದ್ದಾಗ ಬೀದಿಯೇ ಬಾಯಿಬಿಟ್ಟು ನೋಡಿತು. ಜಿಮ್ಮಿನೊಳಗೆ ಹೆಂಗಸರೇ ಇರಲಿಲ್ಲ. ಹಾಡು ಜೋರಾಗಿತ್ತು. ಅವರನ್ನು ಕಂಡ ಕೂಡಲೇ ಯಾರೋ ಹಾಡು ನಿಲ್ಲಿಸಿದರು. ಆ ನಿಶ್ಶಬ್ದ ಇನ್ನೂ ಕಷ್ಟವಾಯಿತು.

ಕದಿರೇಶ್ ಅವರನ್ನು ಒಂದು ಯಂತ್ರದ ಬಳಿಗೆ ಕರೆದೊಯ್ದ. ಒರಗಿ ಮಲಗಿದಂತೆ ಕುಳಿತು, ಎರಡೂ ಪಾದವನ್ನು ಎದುರಿನ ಕಬ್ಬಿಣದ ಹಲಗೆಗೆ ಒತ್ತಿ ಮೇಲೆ ನೂಕುವ ಯಂತ್ರ. ಹಲಗೆಯ ಎರಡೂ ಬದಿಗೆ ತೂಕದ ಬಿಲ್ಲೆ ಹಾಕುತ್ತಾರೆ. "ನೂಕೋದು ನಾವು ಅಮ್ಮಾ," ಎಂದ ಕದಿರೇಶ್. "ಮೇಲಕ್ಕೆ ಹೋದ ಮೇಲೆ ಕೈ ಬಿಡ್ತೀವಿ. ನೀವು ಮೆಲ್ಲಗಾ, ಮೆಲ್ಲಗಾ ಇಳಿಸ್ಬೇಕು. ಇದಕ್ಕೆ ನೆಗೆಟಿವ್ ಅಂತಾರೆ."

"ಕೊರೊನಾ ಬಂದಾಗ ನೆಗೆಟಿವ್ ಅಂದ್ರೆ ಒಳ್ಳೇದಾಗಿತ್ತು. ಇದೂ ಒಳ್ಳೇದೇನಾ?"

ಜಿಮ್ಮಿನಲ್ಲಿದ್ದವರೆಲ್ಲ ನಕ್ಕರು. ಹಾಡು ಮತ್ತೆ ಶುರುವಾಯಿತು.

ಮೊದಲ ದಿನ ಹಾಕಿದ್ದು ಸ್ವಲ್ಪವೇ. ಆದರೆ ವಾರಕ್ಕೊಮ್ಮೆ ತೂಕ ಏರುತ್ತ ಹೋಯಿತು. ಕದಿರೇಶನೂ, ಜಿಮ್ಮಿಗೆ ಬರುತ್ತಿದ್ದ ಲಾರಿ ಡ್ರೈವರ್ ವೆಂಕಟನೂ ಎರಡೂ ಬದಿ ನಿಂತು ಹಲಗೆಯನ್ನು ಮೇಲಕ್ಕೆ ನೂಕುವರು. ರಾಧಮ್ಮ ಉಸಿರು ಬಿಡುತ್ತ ಒಂದೊಂದೇ ಇಂಚು ಇಳಿಸುವರು. ಮಾರನೆಯ ದಿನ ತೊಡೆ ಹಿಡಿದುಕೊಂಡಿರುತ್ತಿತ್ತು, ಮೂರನೆಯ ದಿನಕ್ಕೆ ಸರಿಹೋಗುತ್ತಿತ್ತು. ಒಂದು ದಿನ ಅವರು ಇಳಿಸಿದ ತೂಕವನ್ನು ಕಂಡು ವೆಂಕಟ್, "ಏನ್ಲಾ ಇದು, ನಾನು ಇಷ್ಟು ಇಳಿಸಿಲ್ವಲ್ಲೋ!" ಎಂದು ಕದಿರೇಶನ ಮುಖ ನೋಡಿದ. ಅದು ರಾಧಮ್ಮನವರ ಕಿವಿಗೂ ಬಿತ್ತು. ಆ ದಿನ ಮನೆಗೆ ಬಂದು ತೊಡೆಯನ್ನು ತಟ್ಟಿಕೊಂಡು ತಮಗೆ ತಾವೇ ನಕ್ಕರು. ಈ ದೇಹದಲ್ಲಿ ಇಷ್ಟು ದಿನ ಇದೆಲ್ಲ ಎಲ್ಲಿ ಅಡಗಿತ್ತು ಎಂದು ಅವರಿಗೆ ದಿಗ್ಭ್ರಮೆ.

ಮೇಧಾ ಫೋನಿನಲ್ಲಿ ಒಂದು ಮಾತನ್ನು ಅವರಿಗೂ ಕದಿರೇಶನಿಗೂ ಹೇಳಿದ್ದಳು. ಮಧ್ಯೆ ಬಿಟ್ಟು ಹೋದರೆ ವಾಪಸ್ ಬಂದಾಗ ಕಮ್ಮಿ ತೂಕದಿಂದ ಶುರು ಮಾಡಬೇಕು, ನೀರು ಚೆನ್ನಾಗಿ ಕುಡಿಯಬೇಕು. ಇಬ್ಬರೂ ಹೂಂ ಅಂದಿದ್ದರು.

ವೈಶಾಖ ಬಂತು. ಮದುವೆಗಳ ಮೇಲೆ ಮದುವೆಗಳು. ಮಾಲೂರು, ಟೇಕಲ್, ಶ್ರೀನಿವಾಸಪುರ ಅಂತ ಓಡಾಡಿ ರಾಧಮ್ಮನವರಿಗೆ ಜಿಮ್ಮಿನ ಕಡೆ ತಲೆಹಾಕಲೂ ಆಗಲಿಲ್ಲ. ಅಷ್ಟರಲ್ಲಿ ನಂದಕಿಶೋರನೂ ಕೆಲಸಕ್ಕೆ ಮರಳಿದ. ಮುಂದಿನ ವಾರ ಗೌನಿಪಲ್ಲಿಯಲ್ಲಿ ದೊಡ್ಡ ಮದುವೆ. "ಈ ಸಲ ನೀನೂ ನಾನೂ ಇಳಿಸೋಣ" ಎಂದು ಅವನಿಗೆ ಮಾತು ಕೊಟ್ಟುಬಿಟ್ಟರು. ಮಾತು ಕೊಟ್ಟ ಮೇಲೆ ಒಳಗೊಳಗೇ ಅಳುಕು. ಒಮ್ಮೆ ಪರೀಕ್ಷೆ ಮಾಡಿಕೊಳ್ಳದೆ ಹೇಗೆ?

ಪುರುಸೊತ್ತು ಸಿಕ್ಕಿದ್ದು ಏಕಾದಶಿಯ ದಿನ. ಅಂದು ಮನೆಯಲ್ಲಿ ಅಡುಗೆಯಿಲ್ಲ, ಹೊರಗೆ ಕೆಲಸವೂ ಇಲ್ಲ. ಅವರ ಮನೆತನದಲ್ಲಿ ಏಕಾದಶಿಗೆ ತೊಟ್ಟು ನೀರೂ ಬಾಯಿಗೆ ಬೀಳುವುದಿಲ್ಲ. ಹೊರಗೆ ಬಿಸಿಲು ಕಾಯುತ್ತಿತ್ತು. ಜಿಮ್ಮಿನ ತಗಡಿನ ಸೂರಿನ ಕೆಳಗೆ ಒಲೆಯ ಮುಂದೆ ಕೂತಂತಿತ್ತು.

"ಬಹಳ ದಿನ ಆಯ್ತಲ್ಲಮ್ಮಾ. ಇವತ್ತು ಅರ್ಧ ತೂಕ ಹಾಕೋಣ" ಎಂದ ಕದಿರೇಶ್.

"ಅರ್ಧ ಯಾಕೆ? ಹೋದ ಸಲ ಹಾಕಿದ್ದಕ್ಕಿಂತ ಒಂದು ಬಿಲ್ಲೆ ಜಾಸ್ತಿ ಹಾಕು. ಮುಂದಿನ ವಾರ ತಪ್ಪಲೆ ಇಳಿಸ್ಬೇಕು ನಾನು."

ಅವನು ಒಂದು ಕ್ಷಣ ಅನುಮಾನಿಸಿದ. ಅಷ್ಟರಲ್ಲಿ ನಾಲ್ಕಾರು ಜನ ಸುತ್ತ ನಿಂತಿದ್ದರು. ಹೊಸದಾಗಿ ಸೇರಿದವರಿಗೆ ವೆಂಕಟ್, "ನೋಡ್ರೋ, ನಮ್ಮ ರಾಧಮ್ಮನೋರ್ನ ನೋಡಿ" ಅನ್ನುತ್ತಿದ್ದ. ಕದಿರೇಶ್ ಬಿಲ್ಲೆ ಹಾಕಿದ. ಉಪವಾಸವೇ ಎಂದು ಅವನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಸರದಿ ಇಳಿಯಿತು. ಎರಡನೆಯದೂ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ತೊಡೆ ಉರಿಯತೊಡಗಿತು, ಆದರೂ ಹಲಗೆ ಮೇಲಕ್ಕೆ ಹೋಗುತ್ತಲೇ ಇತ್ತು, ಅವರು ಇಳಿಸುತ್ತಲೇ ಇದ್ದರು. ನಿಲ್ಲಿಸು ಅನ್ನುವುದಕ್ಕೆ ನಾಚಿಕೆಯಾಯಿತು. ಕೊನೆಗೆ ಎದ್ದು ನಿಂತಾಗ ಎರಡೂ ಕಾಲು ಹತ್ತಿಯಂತೆ ಇದ್ದವು. ವೆಂಕಟ್ ಆಟೋದಲ್ಲಿ ಮನೆಗೆ ಬಿಟ್ಟು ಬಂದ.

ಮರುದಿನ ದ್ವಾದಶಿಯ ಪಾರಣೆ ಮುಗಿದ ಮೇಲೂ ಕಾಲು ನೋವು ಇಳಿಯಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ ನುಂಗಿದರು. ಅದರ ಮಾರನೆಯ ದಿನ ಬೆಳಿಗ್ಗೆ ತೊಡೆಗಳು ಊದಿ ಕಲ್ಲಿನಂತಾಗಿದ್ದವು, ಮಂಡಿ ಮಡಚಲಾಗದು. ಗೋಡೆ ಹಿಡಿದು ಹಿಡಿದು ಬಚ್ಚಲಿಗೆ ಹೋದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ "ರೀ" ಅನ್ನುವ ಕೂಗು ಕೇಳಿ ಲಕ್ಷ್ಮೀನಾರಾಯಣ ಓಡಿ ಬಂದರು. ರಾಧಮ್ಮ ಬಾಗಿಲಿಗೆ ಒರಗಿ ನಿಂತು ಕೆಳಗೆ ಬೆರಳು ತೋರಿಸಿದರು. ಉಚ್ಚೆ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಗೆ ಬಿಳಿಯ ನೆಲದ ಮೇಲೆ ಹರಿಯುತ್ತಿತ್ತು.

"ರಕ್ತಾನಾ ರೀ ಇದು?"

ಮಾತೇ ಆಡದ ಆ ಮನುಷ್ಯ ಅಂಗಳಕ್ಕೆ ಹೋಗಿ ತಮ್ಮನನ್ನು ಬೀದಿಗೆಲ್ಲ ಕೇಳುವಂತೆ ಕೂಗಿದರು. ನಂದಕಿಶೋರ್ ಕಾರು ತಂದ. ಕಾರು ನೇರ ಕೋಲಾರಕ್ಕೆ ಓಡಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತೊಡೆ ಒತ್ತಿ ನೋಡಿದರು. ರಕ್ತ ತೆಗೆಸಿದರು. ಆಮೇಲೆ ಲಕ್ಷ್ಮೀನಾರಾಯಣರ ಕಡೆ ತಿರುಗಿ, "ನೀವು ಸ್ವಲ್ಪ ಹೊರಗಿರಿ" ಅಂದರು. ಬಾಗಿಲು ಮುಚ್ಚಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ ಅಮ್ಮ. ಮನೇಲಿ ಯಾರಾದ್ರೂ ಹೊಡೆದ್ರಾ?"

ರಾಧಮ್ಮನವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬೆಚ್ಚಿ ಮುಚ್ಚಿದ ಬಾಗಿಲಿನತ್ತ ನೋಡಿದರು.

"ದೊಣ್ಣೇಲಿ ಹೊಡೆಸಿಕೊಂಡವರಿಗೆ, ಭಾರದ ಕೆಳಗೆ ಸಿಕ್ಕಿಕೊಂಡವರಿಗೆ ಹೀಗಾಗತ್ತೆ. ಅದಕ್ಕೇ ಕೇಳ್ತಿದ್ದೀನಿ. ಹೆದರಬೇಡಿ."

"ಅಯ್ಯೋ ಶಿವನೇ! ಅವರಿಗೆ ನನ್ನ ಗದರಿಯೂ ಗೊತ್ತಿಲ್ಲ. ನಾನು ಜಿಮ್ಮಿನಲ್ಲಿ ಭಾರ ಇಳಿಸ್ತಿದ್ದೆ."

ಡಾಕ್ಟರಮ್ಮ ಒಂದು ನಿಮಿಷ ಆಕೆಯನ್ನೇ ನೋಡಿದರು. ಆ ಬಿಳಿ ಕೂದಲು, ಆ ಕುಂಕುಮ, ಕೈಯ ಹಳೆಯ ಸುಟ್ಟ ಕಲೆಗಳು. "ಎಲ್ಲಿ?" ಎಂದು ಮತ್ತೆ ಕೇಳಿದರು. ಈ ಸಲ ಬೆಚ್ಚಿದ್ದು ಅವರು.

ಪೂರ್ತಿ ಕೇಳಿ ತಿಳಿದ ಮೇಲೆ ಹೊರಗಿದ್ದವರನ್ನು ಒಳಗೆ ಕರೆದು ಬಿಡಿಸಿ ಹೇಳಿದರು. ಭಾರವನ್ನು ತಡೆದು ಇಳಿಸುವಾಗ ಸ್ನಾಯುವಿನ ಎಳೆಗಳು ಸ್ವಲ್ಪ ಸ್ವಲ್ಪ ಹರಿಯುತ್ತವೆ, ಹರಿದು ಕೂಡಿಕೊಂಡೇ ಬಲ ಬರುವುದು. ಆದರೆ ಅಳತೆ ಮೀರಿದರೆ ಸ್ನಾಯು ಒಡೆದು ಅದರೊಳಗಿನದೆಲ್ಲ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಬೇಕಾದದ್ದು ಕಿಡ್ನಿ. ಮೈಯಲ್ಲಿ ನೀರಿಲ್ಲ, ಮೇಲೆ ಬಿಸಿಲು, ಸಾಲದ್ದಕ್ಕೆ ನೋವಿನ ಮಾತ್ರೆ. ಕಿಡ್ನಿ ಕಟ್ಟಿಕೊಳ್ಳತೊಡಗಿದೆ. "ಇವತ್ತು ಬರದೇ ಇದ್ದಿದ್ರೆ ಕಷ್ಟ ಇತ್ತು" ಎಂದರು. ಎರಡೂ ಕೈಗೆ ಸೂಜಿ ಚುಚ್ಚಿ ಬಾಟಲಿಯ ಮೇಲೆ ಬಾಟಲಿ ನೀರು ಏರಿಸಿದರು.

ಮಧ್ಯಾಹ್ನ ಸ್ಕ್ಯಾನಿಂಗಿಗೆ ಕರೆದೊಯ್ದರು. ಸ್ಕ್ಯಾನ್ ಮಾಡುವವರು ಬಲಗಡೆ ನೋಡಿ ಮುಗಿಸಿ ಎಡಗಡೆಗೆ ಬಂದರು. ಅಲ್ಲೇ ತಡಕಿದರು, ಮತ್ತೆ ತಡಕಿದರು, ಮಗ್ಗುಲಾಗಿ ಮಲಗಿಸಿ ನೋಡಿದರು. ಆಮೇಲೆ ಎದ್ದು ಹೋಗಿ ಡಾಕ್ಟರಮ್ಮನನ್ನೇ ಕರೆತಂದರು. ಇಬ್ಬರೂ ಪರದೆಯನ್ನು ನೋಡುತ್ತ ನಿಂತರು.

"ಅಮ್ಮ, ನಿಮ್ಮ ಕಿಡ್ನಿ ಯಾವಾಗಲಾದ್ರೂ ಆಪರೇಷನ್ ಮಾಡಿ ತೆಗೆದಿದ್ರಾ?"

"ಇಲ್ಲ."

"ಯಾರಿಗಾದ್ರೂ ದಾನ ಕೊಟ್ಟಿದ್ರಾ?"

"ಇಲ್ಲಮ್ಮಾ. ಯಾಕೆ?"

"ಎಡಗಡೆ ಕಿಡ್ನಿ ಇಲ್ಲ ನಿಮಗೆ."

ರಾಧಮ್ಮ ಆ ಮಂಚದ ಮೇಲೆ ಮಲಗಿಯೇ ಎಡಪಕ್ಕೆಗೆ ಕೈ ಹಾಕಿ ಹುಡುಕಿದರು. ಇಷ್ಟು ವರ್ಷ ಹೊತ್ತು ತಿರುಗಿದ ಮೈ ಇದು. ಇದರೊಳಗೆ ಏನಿದೆ, ಏನಿಲ್ಲ ಅನ್ನುವುದೇ ತಮಗೆ ಗೊತ್ತಿರಲಿಲ್ಲ. ಇರುವುದೊಂದು. ಆ ಒಂದನ್ನು ಬಿಸಿಲಿನಲ್ಲಿ, ನೀರಿಲ್ಲದೆ, ನಾಲ್ಕು ಜನರ ಚಪ್ಪಾಳೆಗೋಸ್ಕರ ತಾವೇ ಹಾಳು ಮಾಡಿಕೊಳ್ಳಲು ಹೊರಟಿದ್ದರು. ಅವರಿಗೆ ಅಳುವೂ ಬರಲಿಲ್ಲ. ವಾರ್ಡಿಗೆ ವಾಪಸ್ ತಂದು ಮಲಗಿಸಿದ ಮೇಲೂ ಕಣ್ಣು ಮುಚ್ಚದೆ ಸೂರು ನೋಡುತ್ತಿದ್ದರು. ಮೃದುಲಾ ಪಕ್ಕದಲ್ಲಿ ಕುಳಿತು ಅಮ್ಮನ ಅಂಗೈ ತಿಕ್ಕುತ್ತಿದ್ದಳು. ಅದು ಬಿಸಿಯಾಗಲೇ ಇಲ್ಲ.

ಸುದ್ದಿ ಕೇಳಿ ಶ್ರೀನಿವಾಸಪುರದಿಂದ ರಾಧಮ್ಮನವರ ಅಣ್ಣ ಮಾಧವ್ ಬಂದರು. ವಿಷಯ ತಿಳಿದದ್ದೇ ವಾರ್ಡಿನ ಬಾಗಿಲಲ್ಲಿ ನಿಂತು ಕೂಗಾಡಿದರು. "ಇಲ್ಲ ಅಂದ್ರೆ ಏನರ್ಥ? ಗರ್ಭಕೋಶ ತೆಗೆಸಿದಾಗ ತೆಗೆದುಕೊಂಡಿದ್ದಾರೆ! ಕಿಡ್ನಿ ಕದಿಯೋರ ಸುದ್ದಿ ಟಿವೀಲಿ ನೋಡಿಲ್ವಾ ನೀವು? ನಾನು ಬಿಡಲ್ಲ. ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ."

ಹತ್ತು ವರ್ಷದ ಹಿಂದೆ ರಾಧಮ್ಮನವರಿಗೆ ಒಂದು ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶದ ಆಪರೇಷನ್ ಆಗಿತ್ತು. ಆ ನರ್ಸಿಂಗ್ ಹೋಮ್ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಣ್ಣನ ಮಾತು ಕೇಳಿ ವಾರ್ಡಿನ ಬೇರೆ ಹಾಸಿಗೆಯವರೆಲ್ಲ ಎದ್ದು ಕೂತರು. ನಂದಕಿಶೋರನ ಮುಖ ಕೆಂಪೇರಿತು. ರಾಧಮ್ಮನವರಿಗೂ ಒಂದು ಗಳಿಗೆ ಅದೇ ನಿಜವೆನ್ನಿಸಿತು. ಮಂಪರಿನಲ್ಲಿ ಮಲಗಿದ್ದಾಗ ಯಾರೋ ತಮ್ಮೊಳಗೆ ಕೈ ಹಾಕಿ ಎತ್ತಿಕೊಂಡು ಹೋದ ಚಿತ್ರ ಕಣ್ಣ ಮುಂದೆ ಬಂತು.

ಡಾಕ್ಟರಮ್ಮ ಬಂದರು. ಗದ್ದಲ ಪೂರ್ತಿ ಕೇಳಿಸಿಕೊಂಡರು. ಪರದೆ ಎಳೆದು, ರಾಧಮ್ಮನವರನ್ನು ಬಲಮಗ್ಗುಲಿಗೆ ತಿರುಗಿಸಿ, ಅಣ್ಣನನ್ನು ಒಳಗೆ ಕರೆದರು.

"ಸರ್, ಕಿಡ್ನಿ ತೆಗೆಯೋಕೆ ದಾರಿ ಬೇಕಲ್ಲ. ಇಲ್ಲಿ ಪಕ್ಕೆಯಲ್ಲಿ, ಬೆನ್ನಲ್ಲಿ ಎಲ್ಲಾದ್ರೂ ಹೊಲಿಗೆ ಗುರುತು ಇದೆಯಾ ನೋಡಿ."

ಮಾಧವ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ಪಕ್ಕೆ ನುಣ್ಣಗಿತ್ತು.

"ಹೊಟ್ಟೆ ಕೆಳಗಡೆ ಗುರುತಿದೆಯಲ್ಲ, ಅಲ್ಲಿಂದ ತೆಗೆದಿರಬಹುದು" ಎಂದು ಪಟ್ಟು ಹಿಡಿದರು.

"ಅದಕ್ಕೇ ಇನ್ನೊಂದು ಸ್ಕ್ಯಾನನ್ನೂ ಮಾಡಿಸಿದ್ದೀನಿ. ತೆಗೆದಿದ್ರೆ ಕಿಡ್ನಿಗೆ ಹೋಗೋ ರಕ್ತನಾಳದ ತುಂಡಾದ್ರೂ ಉಳೀಬೇಕು. ಇವರಿಗೆ ಆ ನಾಳವೇ ಇಲ್ಲ. ಹುಟ್ಟುವಾಗಲೇ ಬರ್ಲಿಲ್ಲ. ಬಲಗಡೆಯದ್ದು ಚಿಕ್ಕಂದಿನಿಂದ ಎರಡರ ಕೆಲಸ ಮಾಡಿ ಮಾಡಿ ದೊಡ್ಡದಾಗಿದೆ. ಹೀಗೆ ಹುಟ್ಟಿದವರು ಬಹಳ ಜನ ಇದ್ದಾರೆ. ಗೊತ್ತೇ ಆಗದೆ ಬದುಕಿ ಹೋಗ್ತಾರೆ."

ಮಾಧವ್ ಸ್ಟೂಲ್ ಎಳೆದುಕೊಂಡು ಕುಳಿತರು. ತಂಗಿಯ ತಲೆ ಮುಟ್ಟಿ, "ಚಿಕ್ಕೋಳಿದ್ದಾಗ ಬಾವಿಯಿಂದ ನೀರು ಸೇದಿ ಸೇದಿ ನಮಗೆಲ್ಲ ಹಾಕ್ತಿದ್ದೆಯಲ್ಲೇ. ಒಂದರಲ್ಲೇ?" ಎಂದರು. ಆಗ ರಾಧಮ್ಮನವರಿಗೆ ಅಳು ಬಂತು.

ಡಯಾಲಿಸಿಸ್ ಬೇಕಾಗಬಹುದು ಎಂದು ಮೊದಲೇ ಹೇಳಿದ್ದರು. ಯಂತ್ರದ ಕೋಣೆಯನ್ನು ತೋರಿಸಿಯೂ ಇದ್ದರು. ಪ್ರತಿ ಬೆಳಿಗ್ಗೆ ರಕ್ತದ ರಿಪೋರ್ಟ್ ಬರುವ ಹೊತ್ತಿಗೆ ಮೃದುಲಾ ಎದ್ದು ಕಾರಿಡಾರಿಗೆ ಹೋಗಿಬಿಡುತ್ತಿದ್ದಳು, ಕೂತು ಕೇಳುವ ಧೈರ್ಯವಿಲ್ಲದೆ. ಒಂದು ದಿನ, ಕಿಡ್ನಿ ಸೋಸದೆ ರಕ್ತದಲ್ಲಿ ಉಳಿದ ಕೊಳೆಯ ಅಳತೆ ಏರುವುದು ನಿಂತಿತು. ಮತ್ತೊಂದು ದಿನ ಸ್ವಲ್ಪ ಇಳಿಯಿತು. ಉಚ್ಚೆಯ ಬಣ್ಣ ಡಿಕಾಕ್ಷನ್ನಿನಿಂದ ಟೀ ಬಣ್ಣಕ್ಕೆ, ಆಮೇಲೆ ಹುಲ್ಲಿನ ಬಣ್ಣಕ್ಕೆ ತಿರುಗಿತು. ಯಂತ್ರದ ಕೋಣೆಗೆ ಅವರನ್ನು ಕರೆದೊಯ್ಯಬೇಕಾಗಲಿಲ್ಲ.

ಈ ಮಧ್ಯೆ ಕದಿರೇಶ್ ದಿನಾ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ನಿಂತು ಹೋಗುತ್ತಿದ್ದನಂತೆ. ಒಳಗೆ ಬರಲು ಧೈರ್ಯವಿಲ್ಲ. ನಂದಕಿಶೋರ್ ಅವನನ್ನು ಒಮ್ಮೆ ಕಂಡು ಹೊಡೆಯಲು ಹೋಗಿದ್ದ, ಲಕ್ಷ್ಮೀನಾರಾಯಣ ತಡೆದಿದ್ದರು. ರಾಧಮ್ಮನವರೇ ಹೇಳಿ ಕಳುಹಿಸಿ ಒಳಗೆ ಕರೆಸಿದರು. ಅಷ್ಟು ದೊಡ್ಡ ಮೈಯ ಮನುಷ್ಯ ಹಾಸಿಗೆಯ ಕಾಲದೆಸೆಯಲ್ಲಿ ಕೈ ಕಟ್ಟಿ ನಿಂತ.

"ಜಿಮ್ ಮುಚ್ಚಿದ್ದೀನಮ್ಮಾ. ಮೇಧಾ ಮೇಡಂ ಹೇಳಿದ್ರು, ಆದ್ರೂ ಹಾಕ್ದೆ. ನಿಮ್ಮನ್ನ ನೋಡಿ ನನಗೇ ಪೊಗರು ಬಂದಿತ್ತು. ಇನ್ಮೇಲೆ ಯಾರಿಗೂ ನೆಗೆಟಿವ್ ಮಾಡ್ಸಲ್ಲ."

"ಹಾಕು ಅಂದಿದ್ದು ನಾನಲ್ವೇನೋ. ಉಪವಾಸ ಅಂತ ಹೇಳದೇ ಇದ್ದಿದ್ದೂ ನಾನೇ. ಜಿಮ್ ತೆಗಿ ಹೋಗು. ಬಾಗಿಲು ಹಾಕ್ಕೊಂಡು ಕೂತ್ರೆ ಹೊಟ್ಟೆಗೇನು ತಿಂತೀಯ?"

ಅವನು ಹೋದ ಮೇಲೆ ನಂದಕಿಶೋರ್ ಸಿಡುಕಿದ. "ಅವನಿಗೆ ಯಾಕೆ ಅತ್ತಿಗೆ ಸಮಾಧಾನ ಹೇಳ್ತೀರಿ? ಇನ್ನು ಆ ಕಡೆ ಕಾಲಿಡಬಾರದು ನೀವು. ಅಡುಗೆಯೂ ಬೇಡ, ಏನೂ ಬೇಡ. ಮನೇಲಿರಿ."

"ನಿನ್ನ ಕಾಲು ಸುಟ್ಟಿದ್ದು ಮನೇಲಿದ್ರೆ ವಾಸಿಯಾಗತ್ತಾ?"

"ನನ್ನ ಕಾಲು ಹೋದ್ರೆ ಹೋಗ್ಲಿ ಬಿಡಿ!" ಎಂದು ಜೋರಾಗಿ ಹೇಳಿದವನು ಅಲ್ಲೇ ಮುಖ ಮುಚ್ಚಿಕೊಂಡ.

ಗೌನಿಪಲ್ಲಿಯ ಮದುವೆ ರಾಧಮ್ಮನವರಿಲ್ಲದೆಯೇ ಮುಗಿಯಿತು. ಅವರು ಮನೆಗೆ ಬಂದಾಗ ತೊಡೆಗಳು ಬಡಕಲಾಗಿ ಚರ್ಮ ಜೋತುಬಿದ್ದಿತ್ತು. ತಿಂಗಳುಗಳ ಕಾಲ ಗಳಿಸಿದ್ದೆಲ್ಲ ಹೋಗಿತ್ತು. ಮೊದಲ ದಿನ ಕುರ್ಚಿಯಲ್ಲಿ ಕೂರಲು ಹೋಗಿ ಮತ್ತೆ ಧೊಪ್ ಎಂದು ಬಿದ್ದಾಗ ಅವರಿಗೆ ನಗು ಬಂತು. ಏನು ಮಾಡುವುದೆಂದು ತೋಚದೆ ಬಂದ ನಗು ಅದು.

ಡಾಕ್ಟರಮ್ಮ ಅಭ್ಯಾಸ ಸಂಪೂರ್ಣ ಬೇಡ ಎಂದು ಹೇಳಿರಲಿಲ್ಲ. ರಕ್ತ ಪೂರ್ತಿ ಸರಿಯಾಗುವವರೆಗೆ ಏನೂ ಕೂಡದು. ಆಮೇಲೆ ಮೇಧಾಳ ಕಣ್ಣೆದುರಿನಲ್ಲಿ ಮಾತ್ರ, ಮೊದಲಿನಿಂದ, ಅತಿ ಕಮ್ಮಿಯಿಂದ. ನೋವಿನ ಮಾತ್ರೆ ಜನ್ಮದಲ್ಲಿ ಮುಟ್ಟುವಂತಿಲ್ಲ. ಏಕಾದಶಿಗೆ ನೀರು ಬಿಡುವಂತಿಲ್ಲ. ಈ ಕೊನೆಯದಕ್ಕೆ ರಾಧಮ್ಮ ಬಹಳ ಕೊಸರಾಡಿದರು. ಕೊನೆಗೆ ಲಕ್ಷ್ಮೀನಾರಾಯಣ ತಮ್ಮ ಮಠದ ಸ್ವಾಮಿಗಳನ್ನು ಕೇಳಿಕೊಂಡು ಬಂದು, "ಕುಡೀಬಹುದಂತೆ" ಎಂದು ಒಂದೇ ಮಾತು ಹೇಳಿ ಚೆಂಬು ಮುಂದಿಟ್ಟರು.

ಮಳೆಗಾಲ ಕಳೆದು ಚಳಿ ಶುರುವಾದಾಗ ರಾಧಮ್ಮ ಮತ್ತೆ ಕೋಲಾರದ ಬಸ್ಸು ಹತ್ತಿದರು. ಮೇಧಾ ಕುರ್ಚಿಯಿಂದಲೇ ಶುರು ಮಾಡಿಸಿದಳು. ಆ ಹುಡುಗಿಗೂ ಹೆದರಿಕೆ. ಒಂದೊಂದು ಸಲ ಇಳಿದು ಕೂತಾಗಲೂ, "ಸಾಕಾ ಆಂಟಿ? ನೀರು ಕುಡಿದ್ರಾ?" ಎಂದು ಕೇಳುತ್ತಿದ್ದಳು. ಬಲ ಬಂತು, ಬಹಳ ನಿಧಾನಕ್ಕೆ ಬಂತು. ಅಡುಗೆ ಕೆಲಸಕ್ಕೂ ಹೋದರು. ದೊಡ್ಡ ತಪ್ಪಲೆಯನ್ನು ಮಾತ್ರ ಈಗ ಇಳಿಸುವುದಿಲ್ಲ. ಅದಕ್ಕೆ ನಂದಕಿಶೋರ್ ಚಕ್ರವಿರುವ ಒಂದು ಕಬ್ಬಿಣದ ಗಾಡಿ ಮಾಡಿಸಿದ್ದಾನೆ. ಹಾಗಾದರೆ ಈ ಅಭ್ಯಾಸವೆಲ್ಲ ಇನ್ನು ಯಾತಕ್ಕೆ ಎಂದು ಮೃದುಲಾ ಕೇಳಿದಾಗ, "ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಲ್ಲ ಕಣೇ ನಾನೀಗ" ಎಂದರು.

ಆಸ್ಪತ್ರೆಗೆ ಮತ್ತೆ ತೋರಿಸಿಕೊಳ್ಳಲು ಹೋದ ದಿನ ಡಾಕ್ಟರಮ್ಮ ರಿಪೋರ್ಟ್ ನೋಡಿ ಖುಷಿಪಟ್ಟರು. ಮಗಳಿಗೂ ಸ್ಕ್ಯಾನ್ ಮಾಡಿಸಿ ಎಂದಿದ್ದರು. ಮೃದುಲಾಳಿಗೆ ಎರಡೂ ಇದ್ದವು. ರಾಧಮ್ಮ ಎದ್ದು ಹೊರಡುವಾಗ ಡಾಕ್ಟರಮ್ಮ, "ನಿಮ್ಮ ಯಜಮಾನರು ಹೇಗಿದ್ದಾರೆ? ಅವರದ್ದು ಕರಗ್ತಾ?" ಎಂದು ಕೇಳಿದರು.

"ಅವರದ್ದೇನು ಕರಗೋದು?"

"ಕಲ್ಲು. ನಿಮಗೆ ಹೇಳಿಲ್ವಾ? ನೀವು ಇಲ್ಲಿ ಮಲಗಿದ್ದಾಗ ಅವರು ನನ್ನ ಹತ್ರ ಬಂದಿದ್ರು. ಅವಳಿಗೆ ಇರೋ ಒಂದೂ ಕೆಟ್ಟರೆ ನನ್ನದು ಹೊಂದತ್ತಾ ನೋಡಿ, ಈಗಲೇ ನೋಡಿ ಇಟ್ಟುಬಿಡಿ ಅಂದ್ರು. ಅದು ಬೇಕಾಗಲ್ಲ ಅಂದ್ರೂ ಕೇಳ್ಲಿಲ್ಲ. ರಕ್ತದ ಗುಂಪು ನೋಡಿಸಿದ್ರು, ಸ್ಕ್ಯಾನ್ ಮಾಡಿಸಿದ್ರು. ಎರಡೂ ಚೆನ್ನಾಗಿದೆ. ಒಂದರಲ್ಲಿ ಮಾತ್ರ ಸಣ್ಣ ಕಲ್ಲು."

ರಾಧಮ್ಮ ಮತ್ತೆ ಕುರ್ಚಿಯಲ್ಲಿ ಕುಳಿತರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದ ಮನುಷ್ಯ. ತಾವು ಸೂರು ನೋಡುತ್ತ ಮಲಗಿದ್ದಾಗ ಆತ ಇದೇ ಆಸ್ಪತ್ರೆಯಲ್ಲಿ ಒಬ್ಬರೇ ಹೋಗಿ ಅಂಗಿ ಎತ್ತಿ ಮಲಗಿದ್ದರು. ಬಂದು ಏನೂ ಆಗದವರಂತೆ ಸೇಬು ಹೆಚ್ಚಿ ಕೊಟ್ಟಿದ್ದರು.

ಮುಳಬಾಗಿಲಿನಲ್ಲಿ ಬಸ್ಸಿಳಿದು ನೇರವಾಗಿ ಮಾರ್ಕೆಟ್ಟಿಗೆ ಹೋಗಿ ಎರಡು ಬಾಳೆದಿಂಡು ಕೊಂಡರು. ಮನೆಗೆ ಬಂದಾಗ ಲಕ್ಷ್ಮೀನಾರಾಯಣ ಜಗುಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ರಾಧಮ್ಮ ದಿಂಡನ್ನು ಅವರ ಮಡಿಲಲ್ಲಿ ಇಟ್ಟರು.

"ಇದೇನು?"

"ದಿಂಡಿನ ರಸ ಕುಡಿದ್ರೆ ಕಲ್ಲು ಕರಗತ್ತಂತೆ."

ಅವರು ಪೇಪರಿನ ಹಿಂದಿನಿಂದ ಮುಖ ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಉಪ್ಪು ಹಾಕಿ ಕೊಡು," ಎಂದರು. "ಸಪ್ಪಗಿದ್ರೆ ಗಂಟಲಲ್ಲಿ ಇಳಿಯಲ್ಲ."